ಹದಿನೆಂಟೇ ಪಂದ್ಯಗಳ ಆಯುಷ್ಯ: ಐಸಿಸಿ ನಾಕೌಟ್ ಯಾಕೆ ಉಳಿಯಲಿಲ್ಲ?

1998ರ ಅಕ್ಟೋಬರ್ 26ರಂದು ಆಸ್ಟ್ರೇಲಿಯಾ ತಂಡ ಕರಾಚಿಯಲ್ಲಿ ಪಾಕಿಸ್ತಾನದ ವಿರುದ್ಧ ಟೆಸ್ಟ್ ಮುಗಿಸಿತು. 28ರಂದು ಢಾಕಾದಲ್ಲಿ ಭಾರತದ ಎದುರು ಒಂದು ಏಕದಿನ ಪಂದ್ಯ ಆಡಿ 44 ರನ್‌ಗಳಿಂದ ಸೋತಿತು. ಅಲ್ಲಿಗೆ ಐಸಿಸಿ ನಾಕೌಟ್ ಪಂದ್ಯಾವಳಿಯಲ್ಲಿ ಅದರ ಆಟ ಮುಗಿಯಿತು. ತಂಡ ಪಾಕಿಸ್ತಾನ ಪ್ರವಾಸದ ಉಳಿದ ಪಂದ್ಯಗಳತ್ತ ತಿರುಗಿತು. ಎರಡು ವರ್ಷ ಕಳೆದು, ಅಷ್ಟರಲ್ಲಿ ವಿಶ್ವಕಪ್ಪನ್ನೂ ಗೆದ್ದಿದ್ದ ಅದೇ ಸ್ಟೀವ್ ವಾ ಬಳಗ ನೈರೋಬಿಗೆ ಹೋಯಿತು. ಎದುರಾಳಿ ಮತ್ತೆ ಭಾರತ. ಈ ಸಲ ಸೋಲು 20 ರನ್‌ಗಳಿಂದ. ಎರಡು ಪಂದ್ಯಾವಳಿ, ಎರಡು ಪಂದ್ಯ, ಎರಡು ಸೋಲು: ಆ ಕಾಲದ ಅತಿ ಬಲಿಷ್ಠ ಏಕದಿನ ತಂಡದ ಐಸಿಸಿ ನಾಕೌಟ್ ಚರಿತ್ರೆ ಇಷ್ಟೇ.

ಇವತ್ತು ಚಾಂಪಿಯನ್ಸ್ ಟ್ರೋಫಿ ಎಂದು ಕರೆಯುವ ಪಂದ್ಯಾವಳಿಯ ಮೊದಲ ರೂಪ ಅದು. ನಮ್ಮ ಪತ್ರಿಕೆಗಳಲ್ಲಿ ‘ಮಿನಿ ವಿಶ್ವಕಪ್’ ಎಂದು ಬರುತ್ತಿತ್ತು. ಸೋತವರು ಅಂದೇ ಮನೆಗೆ, ಅಂಕಪಟ್ಟಿ ಇಲ್ಲ, ರನ್‌ರೇಟ್ ಲೆಕ್ಕ ಇಲ್ಲ. ಈ ಪದ್ಧತಿಯಲ್ಲಿ ಢಾಕಾದಲ್ಲಿ 8, ನೈರೋಬಿಯಲ್ಲಿ 10, ಒಟ್ಟು 18 ಪಂದ್ಯಗಳು ನಡೆದವು. 2002ರ ಹೊತ್ತಿಗೆ ಹೆಸರೂ ಬದಲಾಗಿತ್ತು, ಪದ್ಧತಿಯೂ ಬದಲಾಗಿತ್ತು. ಆಟದ ದೃಷ್ಟಿಯಿಂದ ಎರಡೂ ಪಂದ್ಯಾವಳಿಗಳು ಚೆನ್ನಾಗಿಯೇ ನಡೆದಿದ್ದವು. ಹಾಗಿದ್ದೂ ನಾಕೌಟ್ ಯಾಕೆ ಮಾಯವಾಯಿತು ಎಂಬುದು ಈ ಪ್ರಕರಣದ ಪ್ರಶ್ನೆ.

ದುಡ್ಡಿಲ್ಲದ ಮಂಡಳಿ

ಅಂತಾರಾಷ್ಟ್ರೀಯ ಕ್ರಿಕೆಟ್ ಮಂಡಳಿ (ಐಸಿಸಿ) ಆಗ ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿದ್ದ ಒಂದು ಸಣ್ಣ ಕಚೇರಿ. ಪ್ರವಾಸಗಳು ದೇಶ ದೇಶಗಳ ನಡುವೆ ತೀರ್ಮಾನವಾಗುತ್ತಿದ್ದವು; ಆ ಪಂದ್ಯಗಳ ಟಿವಿ ದುಡ್ಡು ಆಯಾ ದೇಶದ ಮಂಡಳಿಗೆ ಹೋಗುತ್ತಿತ್ತು. ವಿಶ್ವಕಪ್‌ನ ಲಾಭದ ಸಿಂಹಪಾಲು ಕೂಡ ಆತಿಥೇಯರದೇ. ಟೆಸ್ಟ್ ಆಡದ ದೇಶಗಳಲ್ಲಿ ಆಟ ಬೆಳೆಸಬೇಕು ಎಂದು ಐಸಿಸಿ ಹೇಳುತ್ತಿತ್ತು, ಆದರೆ ಅದಕ್ಕೆ ಬೇಕಾದ ದುಡ್ಡು ಅದರ ಕೈಯಲ್ಲಿರಲಿಲ್ಲ.

1997ರಲ್ಲಿ ಐಸಿಸಿ ಅಧ್ಯಕ್ಷರಾದವರು ಕೋಲ್ಕತ್ತದ ಉದ್ಯಮಿ ಜಗಮೋಹನ್ ದಾಲ್ಮಿಯಾ. ಏಷ್ಯಾದಿಂದ ಆ ಕುರ್ಚಿಗೆ ಬಂದ ಮೊದಲಿಗರು. 1987 ಮತ್ತು 1996ರ ವಿಶ್ವಕಪ್‌ಗಳನ್ನು ಉಪಖಂಡಕ್ಕೆ ತಂದವರಲ್ಲಿ ಒಬ್ಬರು. ಟಿವಿ ಬಂದ ಮೇಲೆ ಕ್ರಿಕೆಟ್‌ನ ದುಡ್ಡು ಎಲ್ಲಿದೆ ಎಂದು ಅವರಷ್ಟು ಚೆನ್ನಾಗಿ ಅರಿತವರು ಆಗಿನ ಆಡಳಿತದಲ್ಲಿ ಕಡಿಮೆ. ಐಸಿಸಿಯೇ ಮಾಲೀಕನಾಗಿರುವ, ಎರಡು ವಿಶ್ವಕಪ್‌ಗಳ ನಡುವೆ ಬರುವ, ಬೇಗ ಮುಗಿಯುವ ಒಂದು ಪಂದ್ಯಾವಳಿ ಅವರ ಯೋಜನೆ. ಅದನ್ನು ಟೆಸ್ಟ್ ಆಡದ ದೇಶದಲ್ಲಿ ನಡೆಸಿದರೆ ಅಲ್ಲಿ ಆಟಕ್ಕೂ ಉತ್ತೇಜನ, ಬಂದ ದುಡ್ಡು ಆಟ ಬೆಳೆಸುವುದಕ್ಕೆ.

‘ಬೇಗ ಮುಗಿಯುವ’ ಎಂಬ ಷರತ್ತು ಮುಖ್ಯ. ಎಲ್ಲ ತಂಡಗಳ ವೇಳಾಪಟ್ಟಿ ಮೊದಲೇ ತುಂಬಿತ್ತು. ಒಂಬತ್ತು ಟೆಸ್ಟ್ ದೇಶಗಳನ್ನು ಒಂದು ವಾರದ ಚಿಲ್ಲರೆ ದಿನಗಳಿಗೆ ಒಂದೇ ಊರಿಗೆ ಕರೆಸಬೇಕೆಂದರೆ ನಾಕೌಟ್ ಬಿಟ್ಟು ಬೇರೆ ದಾರಿಯೇ ಇರಲಿಲ್ಲ. ನಾಕೌಟ್‌ನಲ್ಲಿ ಎಷ್ಟು ತಂಡವೋ ಅದಕ್ಕಿಂತ ಒಂದು ಕಡಿಮೆ ಪಂದ್ಯ ಸಾಕು. 1996ರ ವಿಶ್ವಕಪ್ ಇದಕ್ಕೆ ತದ್ವಿರುದ್ಧ. ಅಲ್ಲಿ ಹನ್ನೆರಡು ತಂಡಗಳಲ್ಲಿ ನಾಲ್ಕನ್ನು ಹೊರಹಾಕಲು 30 ಗುಂಪು ಪಂದ್ಯಗಳನ್ನು ಆಡಿಸಿದ್ದರು. ಮೂರು ವಾರ ಎಳೆದ ಆ ಹಂತದ ಹೆಚ್ಚಿನ ಪಂದ್ಯಗಳು ಇವತ್ತು ಯಾರಿಗೂ ನೆನಪಿಲ್ಲ. ನೆನಪಿರುವುದು ಆಮೇಲಿನ ಕ್ವಾರ್ಟರ್ ಫೈನಲ್. ಮಾರ್ಚ್ 9ರ ರಾತ್ರಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತ ಪಾಕಿಸ್ತಾನವನ್ನು 39 ರನ್‌ಗಳಿಂದ ಸೋಲಿಸಿದ್ದು, ಬೌಂಡರಿ ಬಾರಿಸಿ ಬೆರಳು ತೋರಿಸಿದ ಆಮೆರ್ ಸೊಹೈಲ್ ಅವರ ಸ್ಟಂಪ್ ಅನ್ನು ವೆಂಕಟೇಶ್ ಪ್ರಸಾದ್ ಮುಂದಿನ ಎಸೆತದಲ್ಲೇ ಉರುಳಿಸಿದ್ದು. ಸೋತರೆ ಮನೆ ಎಂಬ ಪಂದ್ಯದಲ್ಲಿ ಈ ಎರಡು ತಂಡಗಳು ಎದುರಾದರೆ ಏನಾಗುತ್ತದೆ ಎಂದು ಪ್ರಾಯೋಜಕರಿಗೂ ಟಿವಿಯವರಿಗೂ ಆ ರಾತ್ರಿಯಷ್ಟು ಸ್ಪಷ್ಟವಾಗಿ ಯಾವುದೂ ತೋರಿಸಿರಲಿಲ್ಲ. ಈ ಮಾತಿಗೆ ಮತ್ತೆ ಬರುತ್ತೇನೆ, ಪ್ರಕರಣದ ಗಂಟು ಇರುವುದೇ ಅಲ್ಲಿ.

ಢಾಕಾ, 1998

ಪಂದ್ಯಾವಳಿ ಬಾಂಗ್ಲಾದೇಶಕ್ಕೆ ಸಿಕ್ಕಿತು. ಅದೇ ವರ್ಷದ ಮಳೆಗಾಲದಲ್ಲಿ ಆ ದೇಶದ ಸುಮಾರು ಮೂರನೇ ಎರಡು ಭಾಗ ನೆರೆಯಲ್ಲಿ ಮುಳುಗಿತ್ತು. ಆದರೂ ಅಕ್ಟೋಬರ್ 24ಕ್ಕೆ ಢಾಕಾದ ಬಂಗಬಂಧು ಕ್ರೀಡಾಂಗಣ ಸಿದ್ಧವಾಗಿತ್ತು. ಎಂಟೂ ಪಂದ್ಯಗಳು ಆ ಒಂದೇ ಮೈದಾನದಲ್ಲಿ, ಒಂಬತ್ತು ದಿನಗಳಲ್ಲಿ. ಆತಿಥೇಯರು ಮಾತ್ರ ಕಣದಲ್ಲಿರಲಿಲ್ಲ. ಟೆಸ್ಟ್ ಆಡದ ದೇಶಗಳಿಗೆಂದೇ ಇದ್ದ ಐಸಿಸಿ ಟ್ರೋಫಿಯನ್ನು 1997ರಲ್ಲಿ ಗೆದ್ದು ಮುಂದಿನ ವಿಶ್ವಕಪ್‌ಗೆ ಅರ್ಹತೆ ಪಡೆದಿದ್ದರೂ ಬಾಂಗ್ಲಾದೇಶದ ಆಟಗಾರರು ತಮ್ಮದೇ ಊರಿನಲ್ಲಿ ಪ್ರೇಕ್ಷಕರಾಗಿ ಕುಳಿತರು.

ಒಂಬತ್ತು ತಂಡ, ಎಂಟು ಜಾಗ. ಹಾಗಾಗಿ ಜಿಂಬಾಬ್ವೆ ಮತ್ತು ನ್ಯೂಜಿಲೆಂಡ್ ಮೊದಲ ದಿನವೇ ಆಡಬೇಕಾಯಿತು. ಅಲಿಸ್ಟೇರ್ ಕ್ಯಾಂಪ್‌ಬೆಲ್ ಶತಕ ಹೊಡೆದರು, ಸ್ಟೀಫನ್ ಫ್ಲೆಮಿಂಗ್ 96 ಮಾಡಿದರು, ಕೊನೆಯ ಎಸೆತದಲ್ಲಿ ನ್ಯೂಜಿಲೆಂಡ್ ಗೆದ್ದಿತು. ಶತಕ ಬಾರಿಸಿದ ನಾಯಕ ಮರುದಿನ ವಿಮಾನ ಹತ್ತುವ ಪಂದ್ಯಾವಳಿ ಇದು ಎಂದು ಮೊದಲ ದಿನವೇ ಗೊತ್ತಾಯಿತು.

ಎಲ್ಲರೂ ಒಂದೇ ಗಂಭೀರತೆಯಿಂದ ಬಂದಿದ್ದರು ಎಂದಲ್ಲ. ಆಸ್ಟ್ರೇಲಿಯಾದ ಎದುರಿನ ಆ್ಯಷಸ್ ಟೆಸ್ಟ್ ಸರಣಿಗೆ ಹೊರಟಿದ್ದ ಇಂಗ್ಲೆಂಡ್, ಮುಖ್ಯ ಆಟಗಾರರನ್ನು ಅತ್ತ ಕಳಿಸಿ ಆಡಂ ಹೊಲಿಯೋಕ್ ನಾಯಕತ್ವದ ಬೇರೆ ತಂಡವನ್ನು ಢಾಕಾಕ್ಕೆ ಕೊಟ್ಟಿತು. ಅದು 281 ರನ್ ಗಳಿಸಿಯೂ ದಕ್ಷಿಣ ಆಫ್ರಿಕಾದ ಎದುರು ಸೋತಿತು. ದಕ್ಷಿಣ ಆಫ್ರಿಕಾದ ತಂಡದಲ್ಲಿ ಅಲನ್ ಡೊನಾಲ್ಡ್, ಶಾನ್ ಪೊಲಾಕ್ ಇಬ್ಬರೂ ಇರಲಿಲ್ಲ. ಹೊಸ ಪಂದ್ಯಾವಳಿಗೆ ಇನ್ನೂ ಮರ್ಯಾದೆ ಹುಟ್ಟಿರಲಿಲ್ಲ ಎನ್ನುವುದಕ್ಕೆ ಇವು ಗುರುತು.

ಮರ್ಯಾದೆ ತಂದುಕೊಟ್ಟದ್ದು 28ರ ಪಂದ್ಯ. 1998 ಸಚಿನ್ ತೆಂಡೂಲ್ಕರ್ ಅವರ ವರ್ಷ. ಏಪ್ರಿಲ್‌ನಲ್ಲಿ ಶಾರ್ಜಾದಲ್ಲಿ ಇದೇ ಆಸ್ಟ್ರೇಲಿಯಾವನ್ನು ಸತತ ಎರಡು ಶತಕಗಳಿಂದ ಕಂಗೆಡಿಸಿದ್ದರು. ಆ ಒಂದೇ ವರ್ಷ ಏಕದಿನ ಪಂದ್ಯಗಳಲ್ಲಿ 1894 ರನ್, ಒಂಬತ್ತು ಶತಕ. ಢಾಕಾದಲ್ಲಿ ಭಾರತ 8 ರನ್‌ಗೆ ಗಂಗೂಲಿ, ಅಜರುದ್ದೀನ್ ಇಬ್ಬರನ್ನೂ ಕಳೆದುಕೊಂಡಿತ್ತು. ಅಲ್ಲಿಂದ ಸಚಿನ್ 128 ಎಸೆತಗಳಲ್ಲಿ 141. ಜೊತೆಗೆ ನಿಂತು ಕಟ್ಟಿದವರು 48 ರನ್ ಮಾಡಿದ ರಾಹುಲ್ ದ್ರಾವಿಡ್, ಆಮೇಲೆ 71 ರನ್ ಹೊಡೆದ ಅಜಯ್ ಜಡೇಜಾ. ಮೊತ್ತ 307. ಬೌಲಿಂಗ್‌ನಲ್ಲೂ ಸಚಿನ್ 38 ರನ್‌ಗೆ 4 ವಿಕೆಟ್ ಕಿತ್ತರು. ಆಸ್ಟ್ರೇಲಿಯಾ 263ಕ್ಕೆ ಆಲೌಟ್. ಲೀಗ್ ಪಂದ್ಯವಾಗಿದ್ದರೆ ಇದು ಒಳ್ಳೆಯ ಇನಿಂಗ್ಸ್‌ಗಳ ಪಟ್ಟಿಯಲ್ಲಿ ಇನ್ನೊಂದು ಸಾಲಾಗುತ್ತಿತ್ತು ಅಷ್ಟೆ. ಇಲ್ಲಿ ಅದು ಒಂದು ತಂಡವನ್ನೇ ಮನೆಗೆ ಕಳಿಸಿತು.

ಮೂರು ದಿನದ ನಂತರ ಸೆಮಿಫೈನಲ್‌ನಲ್ಲಿ ಭಾರತದ 242 ರನ್‌ಗಳನ್ನು ವೆಸ್ಟ್ ಇಂಡೀಸ್ ಆರು ವಿಕೆಟ್ ಉಳಿಸಿಕೊಂಡು ದಾಟಿತು. ಇನ್ನೊಂದು ಕಡೆ ಮಳೆಯಿಂದ 39 ಓವರ್‌ಗೆ ಇಳಿದ ಪಂದ್ಯದಲ್ಲಿ ಜಾಕ್ ಕ್ಯಾಲಿಸ್ ಅಜೇಯ 113 ರನ್ ಬಾರಿಸಿ ಶ್ರೀಲಂಕಾವನ್ನು ಮುಗಿಸಿದರು. ನವೆಂಬರ್ 1ರ ಫೈನಲ್‌ನಲ್ಲಿ ಫಿಲೊ ವ್ಯಾಲೇಸ್ 103 ರನ್ ಸಿಡಿಸಿದರೂ ವೆಸ್ಟ್ ಇಂಡೀಸ್ 245ಕ್ಕೆ ನಿಂತಿತು. ಅಲ್ಲೂ ಕ್ಯಾಲಿಸ್, 30 ರನ್‌ಗೆ 5 ವಿಕೆಟ್. ಹ್ಯಾನ್ಸಿ ಕ್ರೋನಿಯೆ ಅಜೇಯ 61 ರನ್‌ಗಳೊಂದಿಗೆ ಗುರಿ ಮುಟ್ಟಿಸಿದರು. ಸೋತ ವೆಸ್ಟ್ ಇಂಡೀಸ್‌ನವರು ಢಾಕಾದಿಂದ ದಕ್ಷಿಣ ಆಫ್ರಿಕಾಕ್ಕೆ ಹೋಗುವ ಬದಲು ಲಂಡನ್ನಿನ ಹೀಥ್ರೂದಲ್ಲಿ ಇಳಿದು ಸಂಬಳದ ವಿಚಾರಕ್ಕೆ ಮಂಡಳಿಯ ಜೊತೆ ಜಗಳಕ್ಕೆ ಕುಳಿತದ್ದು ಬೇರೆಯೇ ಕಥೆ.

ಢಾಕಾ ತನ್ನ ಕೆಲಸ ಮಾಡಿತು. ಐಸಿಸಿಯ ಕೈಗೆ ದುಡ್ಡು ಬಂತು. ಬಾಂಗ್ಲಾದೇಶ ದೊಡ್ಡ ಪಂದ್ಯಾವಳಿ ನಡೆಸಬಲ್ಲದು ಎಂದು ತೋರಿಸಿತು. 2000ದ ಜೂನ್‌ನಲ್ಲಿ ಅದಕ್ಕೆ ಟೆಸ್ಟ್ ಮಾನ್ಯತೆ ಸಿಕ್ಕಿತು, ನವೆಂಬರ್‌ನಲ್ಲಿ ಅದೇ ಬಂಗಬಂಧು ಮೈದಾನದಲ್ಲಿ ಭಾರತದ ಎದುರು ತನ್ನ ಮೊದಲ ಟೆಸ್ಟ್ ಆಡಿತು.

ನೈರೋಬಿ, 2000

ಎರಡನೆಯ ಸಲ ಕೀನ್ಯಾ. ಲೆಕ್ಕಾಚಾರ ಹಳೆಯದೇ. ಕೀನ್ಯಾ 1996ರಲ್ಲಿ ಪುಣೆಯಲ್ಲಿ ವೆಸ್ಟ್ ಇಂಡೀಸನ್ನು ಸೋಲಿಸಿತ್ತು, ಬಾಂಗ್ಲಾದೇಶದಂತೆ ತಾನೂ ಟೆಸ್ಟ್ ದೇಶವಾಗುವ ಆಸೆಯಲ್ಲಿತ್ತು. ನೈರೋಬಿ ಜಿಮ್ಖಾನಾ ಮೈದಾನ ನಮ್ಮವರಿಗೂ ಹೊಸದಲ್ಲ. ಹಿಂದಿನ ವರ್ಷ ಅಲ್ಲೇ ಗದಗಿನ ಸುನಿಲ್ ಜೋಶಿ ದಕ್ಷಿಣ ಆಫ್ರಿಕಾದ ಎದುರು ಹತ್ತು ಓವರ್, ಆರು ಮೇಡನ್, 6 ರನ್, 5 ವಿಕೆಟ್ ಎಂಬ ನಂಬಲಾಗದ ಅಂಕಿ ಬರೆದಿದ್ದರು.

ಈ ಸಲ ಕೀನ್ಯಾ, ಬಾಂಗ್ಲಾದೇಶ ಎರಡನ್ನೂ ಸೇರಿಸಿಕೊಂಡು ಹನ್ನೊಂದು ತಂಡ. ಹತ್ತು ಪಂದ್ಯ, ಅಕ್ಟೋಬರ್ 3ರಿಂದ 15. ಐದು ತಂಡಗಳು ನೇರವಾಗಿ ಕ್ವಾರ್ಟರ್ ಫೈನಲ್‌ಗೆ. ಉಳಿದ ಆರು ಮೊದಲ ಸುತ್ತು ಆಡಬೇಕು. ಪದ್ಧತಿಯ ಕ್ರೌರ್ಯ ಇಲ್ಲಿ ಮೊದಲ ದಿನವೇ ಆತಿಥೇಯರ ಮೇಲೆ ಎರಗಿತು. ಕೀನ್ಯಾಕ್ಕೆ ಸಿಕ್ಕ ಎದುರಾಳಿ ಭಾರತ. ಎಂಟು ವಿಕೆಟ್‌ಗಳ ಸೋಲು. ವರ್ಷಗಟ್ಟಲೆ ಕಾದು ತರಿಸಿಕೊಂಡ ಪಂದ್ಯಾವಳಿಯಲ್ಲಿ ಆತಿಥೇಯ ತಂಡ ಒಂದೇ ದಿನ ಆಡಿತು. ಉಳಿದ ಹನ್ನೆರಡು ದಿನ ನೈರೋಬಿಯ ಜನ ಬೇರೆಯವರ ಆಟ ನೋಡಬೇಕಾಯಿತು. ಮರುದಿನ ವೆಸ್ಟ್ ಇಂಡೀಸ್, ಅದರ ಮರುದಿನ ಬಾಂಗ್ಲಾದೇಶ ಹೊರಬಿದ್ದವು.

ಅದು ಕ್ರಿಕೆಟ್‌ಗೆ ಕೆಟ್ಟ ವರ್ಷ. ಏಪ್ರಿಲ್‌ನಲ್ಲಿ ದೆಹಲಿ ಪೊಲೀಸರು ಮ್ಯಾಚ್ ಫಿಕ್ಸಿಂಗ್ ಬಗ್ಗೆ ಬುಕ್ಕಿಯ ಜೊತೆ ಕ್ರೋನಿಯೆ ನಡೆಸಿದ ಫೋನ್ ಮಾತುಕತೆ ಬಯಲು ಮಾಡಿದ್ದರು. ಢಾಕಾದಲ್ಲಿ ಕಪ್ ಎತ್ತಿದ ಆ ನಾಯಕನಿಗೆ ದಕ್ಷಿಣ ಆಫ್ರಿಕಾದ ಮಂಡಳಿ ಆಜೀವ ನಿಷೇಧ ಹೇರಿದ್ದು 2000ದ ಅಕ್ಟೋಬರ್ 11ರಂದು, ಅಂದರೆ ಅವರ ಹಳೆಯ ತಂಡ ನೈರೋಬಿಯಲ್ಲಿ ಸೆಮಿಫೈನಲ್‌ಗೆ ಕಾಯುತ್ತಿದ್ದಾಗ. ಫಿಕ್ಸಿಂಗ್ ಆರೋಪಗಳಿಂದಾಗಿ ಭಾರತದ ತಂಡದಲ್ಲಿ ಅಜರುದ್ದೀನ್, ಅಜಯ್ ಜಡೇಜಾ ಇರಲಿಲ್ಲ. ಹೊಸ ನಾಯಕ ಸೌರವ್ ಗಂಗೂಲಿ. ಕೀನ್ಯಾದ ಎದುರಿನ ಪಂದ್ಯದಲ್ಲಿ ಯುವರಾಜ್ ಸಿಂಗ್, ಜಹೀರ್ ಖಾನ್ ಒಟ್ಟಿಗೇ ಪದಾರ್ಪಣೆ ಮಾಡಿದರು.

ಯುವರಾಜ್‌ಗೆ ಆ ದಿನ ಬ್ಯಾಟಿಂಗ್ ಸಿಗಲಿಲ್ಲ. ಅಕ್ಟೋಬರ್ 7ರಂದು ಆಸ್ಟ್ರೇಲಿಯಾದ ಎದುರು ಸಿಕ್ಕಿತು. ಮೊದಲು ಸಚಿನ್ ಮೆಕ್‌ಗ್ರಾ ಅವರನ್ನು ಮುಂದೆ ನುಗ್ಗಿ ದಂಡಿಸಿದರು, 37 ಎಸೆತಕ್ಕೆ 38. ರನ್ ಹೆಚ್ಚಲ್ಲ, ಆದರೆ ಆ ಲೈನ್‌ನ ಬೌಲರನನ್ನು ಹಾಗೆ ಹೊಡೆಯಬಹುದು ಎಂದು ಪೆವಿಲಿಯನ್‌ನಲ್ಲಿ ಕುಳಿತ ಹುಡುಗರಿಗೆ ತೋರಿಸಿದ ಆಟ. ಆಮೇಲೆ ಹದಿನೆಂಟರ ಯುವರಾಜ್ 80 ಎಸೆತಗಳಲ್ಲಿ 84. ಫೀಲ್ಡಿಂಗ್‌ನಲ್ಲಿ ಮೈಕೆಲ್ ಬೆವನ್ ಅವರ ರನೌಟ್. ಜಹೀರ್ ಯಾರ್ಕರ್‌ಗೆ ಸ್ಟೀವ್ ವಾ ಬೌಲ್ಡ್. ಮುಂದಿನ ಹತ್ತು ವರ್ಷ ಭಾರತವನ್ನು ಆಡಿಸಿದ ತಂಡದ ಹುಟ್ಟನ್ನು ಜನ ಸಾಮಾನ್ಯವಾಗಿ 2001ರ ಕೋಲ್ಕತ್ತ ಟೆಸ್ಟ್‌ನಲ್ಲಿ ಗುರುತಿಸುತ್ತಾರೆ. ನನ್ನನ್ನು ಕೇಳಿದರೆ ನೈರೋಬಿಯ ಆ ಶನಿವಾರವನ್ನು ತೋರಿಸುತ್ತೇನೆ.

ಸೆಮಿಫೈನಲ್‌ನಲ್ಲಿ ಗಂಗೂಲಿ ಅಜೇಯ 141, ದಕ್ಷಿಣ ಆಫ್ರಿಕಾಕ್ಕೆ 95 ರನ್‌ಗಳ ಸೋಲು. ಫೈನಲ್‌ನಲ್ಲಿ ಗಂಗೂಲಿ 117, ಸಚಿನ್ 69, ಮೊದಲ ವಿಕೆಟ್‌ಗೇ 141. ಅಷ್ಟು ಗಟ್ಟಿ ತಳಪಾಯದ ಮೇಲೆ ಭಾರತ ಕಟ್ಟಿದ್ದು 264 ಮಾತ್ರ. ನ್ಯೂಜಿಲೆಂಡ್ 132ಕ್ಕೆ 5 ವಿಕೆಟ್ ಕಳೆದುಕೊಂಡಾಗಲೂ ಸಾಕೆನಿಸಿತ್ತು. ಪ್ರಸಾದ್ 27 ರನ್‌ಗೆ 3 ವಿಕೆಟ್ ಪಡೆದರು. ಆದರೆ ಮೊಣಕಾಲು ನೋವಿನಿಂದ ಸೆಮಿಫೈನಲ್ ತಪ್ಪಿಸಿಕೊಂಡಿದ್ದ ಕ್ರಿಸ್ ಕೇರ್ನ್ಸ್ ಕುಂಟುತ್ತಲೇ ಅಜೇಯ 102 ಹೊಡೆದರು. ಕ್ರಿಸ್ ಹ್ಯಾರಿಸ್ 46 ರನ್‌ಗಳ ಜೊತೆ ಕೊಟ್ಟರು. ಎರಡು ಎಸೆತ ಉಳಿದಿರುವಾಗ ಪಂದ್ಯ ಮುಗಿಯಿತು.

ಒಂದು ಅಸಮಾನತೆಯನ್ನು ಇಲ್ಲಿ ಹೇಳಲೇಬೇಕು. ಕಪ್ ಗೆದ್ದ ನ್ಯೂಜಿಲೆಂಡ್ ಮೂರೇ ಪಂದ್ಯ ಆಡಿತ್ತು. ಸೋತ ಭಾರತ ನಾಲ್ಕು ಆಡಿ ಮೂರು ಗೆದ್ದಿತ್ತು. ಗೆಲುವಿನ ಸಂಖ್ಯೆಯಲ್ಲಿ ಇಬ್ಬರೂ ಸಮ. ನಾಕೌಟ್‌ನಲ್ಲಿ ಇದನ್ನು ಅನ್ಯಾಯ ಎನ್ನುವ ಹಾಗಿಲ್ಲ, ಆದರೂ ಗಂಗೂಲಿಯ 348 ರನ್‌ಗಳನ್ನು ನೋಡಿದಾಗ ಹೊಟ್ಟೆಯಲ್ಲಿ ಏನೋ ಚುರುಕ್ ಅನ್ನುತ್ತದೆ.

ಎರಡು ಸಲ ತಪ್ಪಿದ ಪಂದ್ಯ

ಈಗ ಆ ಗಂಟಿಗೆ ಬರೋಣ. ಎರಡೂ ಪಂದ್ಯಾವಳಿಗಳ ನಕ್ಷೆಯನ್ನು, ಅಂದರೆ ಯಾರ ಎದುರು ಯಾರು ಎಂಬ ಪಟ್ಟಿಯನ್ನು, ಪಕ್ಕಪಕ್ಕ ಇಟ್ಟು ನೋಡಿ. ಢಾಕಾದಲ್ಲಿ ಭಾರತ ಆಸ್ಟ್ರೇಲಿಯಾವನ್ನು ಗೆದ್ದ ಮರುದಿನ ಪಾಕಿಸ್ತಾನ ವೆಸ್ಟ್ ಇಂಡೀಸ್ ಜೊತೆ ಆಡಿತು. ಗೆದ್ದವರಿಗೆ ಸೆಮಿಫೈನಲ್‌ನಲ್ಲಿ ಭಾರತ. ಪಾಕಿಸ್ತಾನ 30 ರನ್‌ಗಳಿಂದ ಸೋತಿತು. ನೈರೋಬಿಯಲ್ಲಿ ಎರಡೂ ತಂಡಗಳು ನಕ್ಷೆಯ ಎರಡು ಬದಿಯಲ್ಲಿದ್ದವು, ಎದುರಾದರೆ ಫೈನಲ್‌ನಲ್ಲೇ. ಭಾರತ ಫೈನಲ್ ತಲುಪಿತು. ಪಾಕಿಸ್ತಾನ, ಸಯೀದ್ ಅನ್ವರ್ ಸತತ ಎರಡನೆಯ ಶತಕ ಹೊಡೆದರೂ, ಸೆಮಿಫೈನಲ್‌ನಲ್ಲಿ ನ್ಯೂಜಿಲೆಂಡ್‌ಗೆ ನಾಲ್ಕು ವಿಕೆಟ್‌ಗಳಿಂದ ಶರಣಾಯಿತು.

ಎರಡೂ ಸಲ ಒಂದೊಂದೇ ಪಂದ್ಯದ ಅಂತರದಲ್ಲಿ ಭಾರತ–ಪಾಕಿಸ್ತಾನ ಮುಖಾಮುಖಿ ತಪ್ಪಿತು. ಹದಿನೆಂಟು ಪಂದ್ಯಗಳಲ್ಲಿ ಒಂದೂ ಅವರ ನಡುವೆ ನಡೆಯಲಿಲ್ಲ. ಬೆಂಗಳೂರಿನಲ್ಲಿ 1996ರಲ್ಲಿ ತಾನಾಗಿ ಒದಗಿ ಬಂದದ್ದು ಢಾಕಾದಲ್ಲೂ ನೈರೋಬಿಯಲ್ಲೂ ತಾನಾಗಿ ಕೈತಪ್ಪಿತು. ನಾಕೌಟ್ ಅಂಥ ಪಂದ್ಯವನ್ನು ಒದಗಿಸಬಹುದು, ಆದರೆ ಮುಂಗಡವಾಗಿ ಮಾತು ಕೊಡಲಾರದು. ಮಾರುವವನಿಗೆ ಬೇಕಾದದ್ದು ಮಾತು.

ಮತ್ತು ಮಾರುಕಟ್ಟೆ ಅಷ್ಟರಲ್ಲಿ ಬದಲಾಗಿತ್ತು. 2000ದಲ್ಲಿ, ನೈರೋಬಿಗಿಂತ ಮೊದಲೇ, ಐಸಿಸಿ 2007ರವರೆಗಿನ ತನ್ನ ಪಂದ್ಯಾವಳಿಗಳ ವಾಣಿಜ್ಯ ಹಕ್ಕುಗಳನ್ನು ಗ್ಲೋಬಲ್ ಕ್ರಿಕೆಟ್ ಕಾರ್ಪೊರೇಷನ್ ಎಂಬ ಕಂಪನಿಗೆ 55 ಕೋಟಿ ಡಾಲರ್‌ಗೆ ಮಾರಿತ್ತು. ಎರಡು ವಿಶ್ವಕಪ್‌ಗಳ ಜೊತೆಗೆ ಈ ಮಿನಿ ವಿಶ್ವಕಪ್ಪೂ ಆ ಕಟ್ಟಿನಲ್ಲಿತ್ತು. ಲಾರ್ಡ್ಸ್‌ನ ಸಣ್ಣ ಕಚೇರಿಗೆ ಅದು ಹಿಂದೆಂದೂ ಕಾಣದ ದುಡ್ಡು. ಅಷ್ಟು ಕೊಟ್ಟವರ ಕೈಗೆ ಹತ್ತು ಪಂದ್ಯಗಳ, ಭಾರತ ಮೊದಲ ದಿನವೇ ಹೊರಬೀಳಬಹುದಾದ ಪಂದ್ಯಾವಳಿಯನ್ನು ಕೊಡುವುದು ಹೇಗೆ? ನೈರೋಬಿಯಲ್ಲಿ ಭಾರತದ ಮೊದಲ ಎದುರಾಳಿ ಕೀನ್ಯಾ ಎಂದು ನಾವು ಹಗುರವಾಗಿ ನೋಡುತ್ತೇವೆ. ಮೂರು ವರ್ಷದ ಬಳಿಕ ಅದೇ ಕೀನ್ಯಾ ವಿಶ್ವಕಪ್ ಸೆಮಿಫೈನಲ್‌ಗೆ ಬಂದಿತ್ತು.

2002: ಎರಡು ಪಂದ್ಯದ ಖಾತರಿ

ಮೂರನೆಯ ಪಂದ್ಯಾವಳಿ ಭಾರತದಲ್ಲಿ ನಡೆಯಬೇಕಿತ್ತು. ತೆರಿಗೆ ವಿನಾಯಿತಿ ಸಿಗದೆ ಶ್ರೀಲಂಕಾಕ್ಕೆ ಹೋಯಿತು. ಟೆಸ್ಟ್ ಆಡದ ದೇಶಗಳಲ್ಲಿ ಆಟ ಬೆಳೆಸುವ ಮೂಲ ಉದ್ದೇಶ ಈ ಒಂದೇ ಸಾಲಿನಲ್ಲಿ ಹೇಗೆ ಕಾಣೆಯಾಗಿದೆ ನೋಡಿ. ಹೆಸರು ಚಾಂಪಿಯನ್ಸ್ ಟ್ರೋಫಿ. ಹನ್ನೆರಡು ತಂಡ, ಮೂರು ಮೂರರ ನಾಲ್ಕು ಗುಂಪು, ಗುಂಪಿಗೆ ಒಬ್ಬರು ಸೆಮಿಫೈನಲ್‌ಗೆ. ನಾಕೌಟ್ ಆಗಿದ್ದರೆ 11 ಪಂದ್ಯ ಸಾಕಿತ್ತು, ಇಲ್ಲಿ 15.

ಈ ಬದಲಾವಣೆಯ ಜಾಣತನ ಮೆಚ್ಚಬೇಕಾದದ್ದೇ. ಮೂವರ ಗುಂಪಿನಲ್ಲಿ ಒಬ್ಬರಿಗೇ ಅವಕಾಶ ಎಂದಾಗ ಒಂದು ಸೋಲೇ ಬಹುತೇಕ ಸಾವು. ಪಾಕಿಸ್ತಾನ ಮೊದಲ ಪಂದ್ಯದಲ್ಲಿ ಶ್ರೀಲಂಕಾಕ್ಕೆ ಸೋತಿತು, ಆಮೇಲೆ ನೆದರ್ಲೆಂಡ್ಸ್ ಎದುರು ಗೆದ್ದು ಏನೂ ಉಪಯೋಗವಾಗಲಿಲ್ಲ. ಅಂದರೆ ಒಳಗೆ ನಾಕೌಟ್ ಹಾಗೇ ಇತ್ತು, ಹೊರಗೆ ಪ್ರತಿ ತಂಡಕ್ಕೂ ಕನಿಷ್ಠ ಎರಡು ಪಂದ್ಯದ ಖಾತರಿ ಸೇರಿತು. ನಮ್ಮ ತಾಲ್ಲೂಕುಗಳಲ್ಲಿ ಟೆನಿಸ್ ಬಾಲ್ ಪಂದ್ಯಾವಳಿ ನಡೆಸುವವರಿಗೆ ಈ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ನಾಕೌಟ್ ಇಟ್ಟರೆ ಪ್ರವೇಶ ಶುಲ್ಕ ಕಟ್ಟಿ ಬೆಳಿಗ್ಗೆ ಬಂದ ತಂಡ ಹನ್ನೊಂದು ಗಂಟೆಗೆ ಬ್ಯಾಗು ಹೆಗಲಿಗೇರಿಸುತ್ತದೆ, ಅದರ ಹಿಂದೆ ಬಂದ ಹುಡುಗರ ಬೈಕುಗಳೂ ಹೊರಡುತ್ತವೆ. ಊರ ತಂಡವೇ ಮೊದಲ ಸುತ್ತಿನಲ್ಲಿ ಸೋತರೆ ಸಂಜೆಯ ಫೈನಲ್‌ಗೆ ಮೈಕಿನವನೇ ಪ್ರೇಕ್ಷಕ. ಅದಕ್ಕೇ ದುಡ್ಡು ಹಾಕಿದವರು ಲೀಗ್ ಕೇಳುತ್ತಾರೆ.

ಖಾತರಿಗೆ ಬೆಲೆಯೂ ಇತ್ತು. ಶ್ರೀಲಂಕಾ ನೆದರ್ಲೆಂಡ್ಸನ್ನು 86ಕ್ಕೆ ಉರುಳಿಸಿ 206 ರನ್‌ಗಳಿಂದ ಗೆದ್ದಂಥ ಪಂದ್ಯಗಳು ನಡುವೆ ತುಂಬಿಕೊಂಡವು. ಪ್ರಾಯೋಜಕರ ಹಕ್ಕು ಕಾಯಲು ಐಸಿಸಿ ಆಟಗಾರರ ವೈಯಕ್ತಿಕ ಜಾಹೀರಾತುಗಳಿಗೆ ಕಡಿವಾಣ ಹಾಕಹೊರಟಿತು, ಭಾರತದ ಆಟಗಾರರು ಸಹಿ ಹಾಕಲು ಒಪ್ಪಲಿಲ್ಲ. ಆಗ ಭಾರತದ ಮಂಡಳಿಯ ಅಧ್ಯಕ್ಷ ಯಾರು? ಅದೇ ದಾಲ್ಮಿಯಾ. ಐಸಿಸಿಗೆ ದುಡ್ಡು ಬರಲೆಂದು ಪಂದ್ಯಾವಳಿ ಹುಟ್ಟುಹಾಕಿದವರು, ಆ ದುಡ್ಡಿನ ಷರತ್ತುಗಳ ವಿರುದ್ಧ ಐಸಿಸಿಯ ಎದುರು ನಿಂತಿದ್ದರು. ಕೊನೆಗೆ ರಾಜಿಯಾಗಿ ಮುಖ್ಯ ತಂಡವೇ ಕೊಲಂಬೊಗೆ ಹೋಯಿತು.

ಆ ಫೈನಲ್ ಮಾತ್ರ ಯಾವ ಪದ್ಧತಿಯ ಕೈಗೂ ಸಿಗದ್ದು. ಸೆಪ್ಟೆಂಬರ್ 29ರಂದು ಶ್ರೀಲಂಕಾ 244. ಭಾರತ ಎರಡು ಓವರ್ ಆಡುವಷ್ಟರಲ್ಲಿ ಮಳೆ. ಮೀಸಲು ದಿನ ಇತ್ತು, ಆದರೆ ನಿಯಮದ ಪ್ರಕಾರ ಅಂದು ಹೊಸ ಪಂದ್ಯವನ್ನೇ ಆಡಬೇಕು, ನಿಲ್ಲಿಸಿದಲ್ಲಿಂದ ಮುಂದುವರಿಸುವ ಹಾಗಿಲ್ಲ. 30ರಂದು ಶ್ರೀಲಂಕಾ ಮತ್ತೆ ಬ್ಯಾಟ್ ಮಾಡಿ 222, ಭಾರತ 8.4 ಓವರ್‌ಗೆ 38, ಮತ್ತೆ ಮಳೆ. ಎರಡು ದಿನಗಳಲ್ಲಿ 110 ಓವರ್‌ಗೂ ಹೆಚ್ಚು ಆಟ ನಡೆದು ಫಲಿತಾಂಶವಿಲ್ಲ; ಇಬ್ಬರೂ ಜಂಟಿ ವಿಜೇತರು. ಹಿಂದಿನ ದಿನದ ಆಟವನ್ನೇ ಮುಂದುವರಿಸಿದ್ದರೆ ಭಾರತ ಆ ಮಧ್ಯಾಹ್ನ ಉಳಿದ 48 ಓವರ್‌ಗಳನ್ನೂ ಪೂರ್ತಿ ಆಡಬಹುದಿತ್ತು.

ಮುಂದಿನ ಸಾಕ್ಷ್ಯ

2004ರಿಂದ ನಕ್ಷೆ ನೋಡಿದರೆ ದಿಕ್ಕು ಗೊತ್ತಾಗುತ್ತದೆ. ಆ ವರ್ಷ ಇಂಗ್ಲೆಂಡ್‌ನಲ್ಲಿ ಭಾರತ, ಪಾಕಿಸ್ತಾನ ಒಂದೇ ಗುಂಪು. 2009, 2013, 2017, 2025ರಲ್ಲೂ ಒಂದೇ ಗುಂಪು. ಈ ಎರಡು ತಂಡಗಳನ್ನು ಎದುರುಬದುರು ನಿಲ್ಲಿಸಲು ಪ್ರಯತ್ನಿಸುತ್ತೇವೆ ಎಂದು 2016ರಲ್ಲಿ ಐಸಿಸಿಯ ಅಂದಿನ ಮುಖ್ಯ ಕಾರ್ಯನಿರ್ವಾಹಕ ಡೇವ್ ರಿಚರ್ಡ್‌ಸನ್ ಬಹಿರಂಗವಾಗಿಯೇ ಹೇಳಿದರು. ಅಲ್ಲಿಗೆ ಊಹೆಗೆ ಜಾಗ ಉಳಿಯಲಿಲ್ಲ.

ಆ ಭಯಕ್ಕೆ ಆಧಾರವಿಲ್ಲ ಎನ್ನಲಾಗದು. 2007ರ ವಿಶ್ವಕಪ್‌ನಲ್ಲಿ ನಾಲ್ಕು ತಂಡಗಳ ಚಿಕ್ಕ ಗುಂಪುಗಳಿದ್ದವು. ಬಾಂಗ್ಲಾದೇಶ ಭಾರತವನ್ನೂ ಐರ್ಲೆಂಡ್ ಪಾಕಿಸ್ತಾನವನ್ನೂ ಒಂದೇ ದಿನ ಸೋಲಿಸಿದವು. ಎರಡೂ ದೊಡ್ಡ ಮಾರುಕಟ್ಟೆಗಳು ಮೊದಲ ವಾರಗಳಲ್ಲೇ ಖಾಲಿ. 2011ಕ್ಕೆ ಏಳು ತಂಡಗಳ ಗುಂಪು ಬಂತು. 2019ಕ್ಕೆ ಹತ್ತೇ ತಂಡ. ಆರನ್ನು ಹೊರಹಾಕಲು 45 ಲೀಗ್ ಪಂದ್ಯ, ಪ್ರತಿ ತಂಡಕ್ಕೂ ಒಂಬತ್ತರ ಖಾತರಿ. ಢಾಕಾ ಯಾವುದರಿಂದ ತಪ್ಪಿಸಿಕೊಂಡಿತ್ತೋ ಅದಕ್ಕೇ ವಿಶ್ವಕಪ್ ಇನ್ನೂ ದೊಡ್ಡ ಪ್ರಮಾಣದಲ್ಲಿ ಮರಳಿತು. ಆ ದಾರಿಯಲ್ಲಿ ಬಾಗಿಲು ಮುಚ್ಚಿದ್ದು ಐರ್ಲೆಂಡ್, ಕೀನ್ಯಾದಂಥವರಿಗೆ.

ನಾಕೌಟ್ ಏನು ಕೊಟ್ಟಿತ್ತು ಎನ್ನುವುದಕ್ಕೆ ಅದರ ಇಬ್ಬರು ವಿಜೇತರೇ ಸಾಕ್ಷಿ. ನ್ಯೂಜಿಲೆಂಡ್‌ಗೆ ನೈರೋಬಿಯ ನಂತರ ಮುಂದಿನ ಐಸಿಸಿ ಕಪ್ ಸಿಕ್ಕಿದ್ದು 2021ರಲ್ಲಿ, ಟೆಸ್ಟ್ ಚಾಂಪಿಯನ್‌ಷಿಪ್. ದಕ್ಷಿಣ ಆಫ್ರಿಕಾ ಢಾಕಾದ ನಂತರ 2025ರ ಜೂನ್‌ವರೆಗೆ ಕಾಯಿತು. ದೊಡ್ಡ ಪಂದ್ಯದಲ್ಲಿ ಎಡವುತ್ತಾರೆ ಎಂದು ದಶಕಗಟ್ಟಲೆ ಹಂಗಿಸಿಕೊಂಡ ತಂಡ ಆವರೆಗೆ ಗೆದ್ದಿದ್ದ ಒಂದೇ ಕಪ್, ಪ್ರತಿ ಪಂದ್ಯವೂ ‘ದೊಡ್ಡ ಪಂದ್ಯ’ವಾಗಿದ್ದ ಪಂದ್ಯಾವಳಿಯದು.

2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಆತಿಥೇಯ ಪಾಕಿಸ್ತಾನ ಫೆಬ್ರುವರಿ 19ರಂದು ನ್ಯೂಜಿಲೆಂಡ್‌ಗೆ ಸೋತಿತು, 23ರಂದು ದುಬೈಯಲ್ಲಿ ಭಾರತಕ್ಕೆ ಸೋತಿತು, 24ರ ಹೊತ್ತಿಗೆ ಸೆಮಿಫೈನಲ್ ಆಸೆ ಮುಗಿದಿತ್ತು. ಮೂರನೆಯ ಪಂದ್ಯ ರಾವಲ್ಪಿಂಡಿಯ ಮಳೆಗೆ ಹೋಯಿತು. ಖಾತರಿ ಎಷ್ಟೇ ಬರೆದರೂ ಆತಿಥೇಯರು ಬೇಗ ಹೊರಬೀಳುವುದನ್ನು ತಡೆಯಲಾಗಲಿಲ್ಲ. ಆದರೆ 23ರ ಪಂದ್ಯ ನಡೆದಿತ್ತು, ಕೊಹ್ಲಿ ಅದರಲ್ಲಿ ಶತಕ ಹೊಡೆದಿದ್ದರು, ಮಾರಾಟದ ಲೆಕ್ಕ ಅಷ್ಟಕ್ಕೇ ಚುಕ್ತಾ. ಮಾರ್ಚ್ 9ರ ಫೈನಲ್‌ನಲ್ಲಿ ನೈರೋಬಿಯ ಜೋಡಿಯೇ ಎದುರಾಯಿತು. ಈ ಸಲ 252ರ ಗುರಿಯನ್ನು ಭಾರತ ಒಂದು ಓವರ್ ಉಳಿದಿರುವಾಗ ಮುಟ್ಟಿತು. ಕೊನೆವರೆಗೆ ನಿಂತವರು ಅಜೇಯ 34 ರನ್‌ಗಳ ಕೆ.ಎಲ್. ರಾಹುಲ್. ಸರಣಿಯ ಶ್ರೇಷ್ಠ ಆಟಗಾರ ಬೆಂಗಳೂರು ಮೂಲದ ದಂಪತಿಯ ಮಗ, ನ್ಯೂಜಿಲೆಂಡ್‌ನ ರಚಿನ್ ರವೀಂದ್ರ.

ಬೇರೆ ದಾರಿ ಇತ್ತೇ?

ನಾಕೌಟನ್ನು ಉಳಿಸಿಕೊಳ್ಳಬಹುದಿತ್ತೇ? ಸೋತ ತಂಡಗಳಿಗೆ ರಗ್ಬಿ ಸೆವೆನ್ಸ್‌ನಲ್ಲಿರುವಂತೆ ಪಕ್ಕದಲ್ಲೊಂದು ಪ್ಲೇಟ್ ಪಂದ್ಯಾವಳಿ ಇಡಬಹುದಿತ್ತು. ಕೀನ್ಯಾಕ್ಕೆ, ಬಾಂಗ್ಲಾದೇಶಕ್ಕೆ ಅದರಿಂದ ನಿಜವಾದ ಲಾಭವಾಗುತ್ತಿತ್ತು. ಟಿವಿಯವರಿಗೆ ಆಗುತ್ತಿರಲಿಲ್ಲ. ಕ್ವಾರ್ಟರ್ ಫೈನಲ್‌ಗಳನ್ನು ಮೂರರಲ್ಲಿ ಎರಡು ಗೆದ್ದವರಿಗೆ ಎಂದು ಮಾಡಬಹುದಿತ್ತು, ಆದರೆ ಆಗ ಬೇಗ ಮುಗಿಯುವ ಗುಣವೂ ಆ ದಿನದ ಬೆಂಕಿಯೂ ಎರಡೂ ಹೋಗುತ್ತಿದ್ದವು.

ನನಗೆ 2002ರ ಮೂವರ ಗುಂಪಿನ ಬಗ್ಗೆ ತಕರಾರಿಲ್ಲ. ಸಿಕ್ಕ ಒತ್ತಡದಲ್ಲಿ ಅದು ಪ್ರಾಮಾಣಿಕ ರಾಜಿ. 2009ರಿಂದ ಬಂದ ಎಂಟು ತಂಡ, ಎರಡು ಗುಂಪು, 15 ಪಂದ್ಯಗಳ ರೂಪವೂ ಬಿಗಿಯಾಗಿಯೇ ಇದೆ. ತಕರಾರು ಗುಂಪು ಹಂಚುವ ಬಗ್ಗೆ. ಢಾಕಾದಲ್ಲೂ ನೈರೋಬಿಯಲ್ಲೂ ಮೊದಲ ಸುತ್ತಿನ ನಂತರ ಯಾರ ಎದುರು ಯಾರು ಎಂಬುದನ್ನು ಮೈದಾನ ತೀರ್ಮಾನಿಸುತ್ತಿತ್ತು. ಈಗ ಅತಿ ಮುಖ್ಯ ಪಂದ್ಯದ ಜೋಡಿ ಯಾವುದೆಂದು ವೇಳಾಪಟ್ಟಿ ಬರೆಯುವ ಮೊದಲೇ ಗೊತ್ತಿರುತ್ತದೆ, ಉಳಿದ ಆರು ತಂಡಗಳು ಅದರ ಸುತ್ತ ಜಾಗ ಹುಡುಕಿಕೊಳ್ಳುತ್ತವೆ.

ಮುಂದಿನ ಚಾಂಪಿಯನ್ಸ್ ಟ್ರೋಫಿ 2029ರಲ್ಲಿ ಭಾರತದಲ್ಲಿ ಎಂದು ನಿಗದಿಯಾಗಿದೆ. ಎಂಟು ಚೀಟಿಗಳನ್ನು ಎಲ್ಲರೆದುರು ಎತ್ತಿ ಗುಂಪು ಮಾಡುವುದಕ್ಕೆ ನಿಯಮದಲ್ಲಿ ದೊಡ್ಡ ತಿದ್ದುಪಡಿ ಬೇಕಿಲ್ಲ. ಬೇಕಾದದ್ದು, ಭಾರತ–ಪಾಕಿಸ್ತಾನದ ಖಾತರಿ ಇಲ್ಲದ ಪ್ರಸಾರ ಒಪ್ಪಂದ. ಅದಕ್ಕೆ ಬರುವ ಬೆಲೆ ಕಡಿಮೆ, ಮತ್ತು ಆ ಕಡಿತ ಮೊದಲು ತಟ್ಟುವುದು ಐಸಿಸಿಯ ಪಾಲನ್ನೇ ನಂಬಿ ಬದುಕುವ ಸಣ್ಣ ಮಂಡಳಿಗಳಿಗೆ. 1998ರಲ್ಲಿ ಈ ಪಂದ್ಯಾವಳಿ ಹುಟ್ಟಿದ್ದು ಯಾರ ಹೆಸರಿನಲ್ಲೋ ಅವರಿಗೆ.